‘ಅಗ್ನಿನಿರೋಧಕ ಪಾರ್ಟಿಷನ್’: ಅಟ್ಟದ ಗೋಡೆಗೆ ಸರಿಯಾದ ಪದ ಯಾವುದು?

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ನಾಲ್ಕೈದು ಸಂಸಾರಕ್ಕೆ ಒಂದೇ ಹೆಂಚಿನ ಮಾಡು. ಹಲವು ಕಡೆ ಮನೆಮನೆ ನಡುವಿನ ಗೋಡೆ ತೊಲೆಯ ಮಟ್ಟಕ್ಕೇ ನಿಂತಿರುತ್ತದೆ. ಅದರ ಮೇಲೆ ಅಟ್ಟ ಈ ತುದಿಯಿಂದ ಆ ತುದಿಗೆ ಬಟಾಬಯಲು. ಸೌದೆ, ಗೋಣಿಚೀಲ ಎಲ್ಲ ಅಲ್ಲೇ. ಒಂದು ಮನೆಯಲ್ಲಿ ಹತ್ತಿದ ಬೆಂಕಿ ಸಾಲಿಡೀ ಓಡದಂತೆ ಅಲ್ಲಿ ಎಬ್ಬಿಸುವ ಗೋಡೆಯನ್ನು ಎಸ್ಟಿಮೇಟಿನಲ್ಲಿ ‘ಅಗ್ನಿನಿರೋಧಕ ಪಾರ್ಟಿಷನ್’ ಎಂದು ಬರೆಯುತ್ತಾರೆ. ಎರಡು ಪದವೂ ಕೆಲಸ ಕೆಡಿಸುತ್ತವೆ.

ಮದ್ದು ಹಾಕಿದ ಪ್ಲೈವುಡ್ಡಿಗೂ ಅಂಗಡಿಯಲ್ಲಿ ‘ಅಗ್ನಿನಿರೋಧಕ’ ಎಂದೇ ಹೆಸರು. ಅದು ಬೇಗ ಹೊತ್ತಿಕೊಳ್ಳದು, ಅಷ್ಟೇ. ಅದು ಹಾಳೆಯ ಗುಣ. ಗೋಡೆಗೆ ಬೇಕಾದದ್ದು ಹೊತ್ತಿನ, ಅಂದರೆ ಸಮಯದ, ಲೆಕ್ಕ: ಒಂದು ಗಂಟೆ ಕುಸಿಯಬಾರದು, ಸಂದಿನಲ್ಲಿ ಜ್ವಾಲೆ ದಾಟಬಾರದು, ಆಚೆ ಮೈಯ ಶಾಖ ಸರಾಸರಿ 140 ಡಿಗ್ರಿಗಿಂತ ಹೆಚ್ಚು ಏರಬಾರದು. ಪರೀಕ್ಷೆಯ ಕುಲುಮೆ ಅಷ್ಟರಲ್ಲಿ 900 ಡಿಗ್ರಿ ದಾಟಿರುತ್ತದೆ. ‘ನಿರೋಧಕ’ದಲ್ಲಿ ಹೊತ್ತಿಗೆ ಜಾಗವೇ ಇಲ್ಲ. ‘ಬಾಳಿಕೆ, ತಾಳಿಕೆ’ ಎನ್ನುವಾಗಿನ ತಾಳಿಕೆಯಲ್ಲಿ ಇದೆ. ‘ಒಂದು ಗಂಟೆ ಬೆಂಕಿತಾಳಿಕೆಯ ಗೋಡೆ’ ಎಂದರೆ ಗಾರೆಯವರಿಗೂ ತಿಳಿಯುತ್ತದೆ.

ಇನ್ನು ‘ಪಾರ್ಟಿಷನ್’. ಹಳ್ಳಿಯಲ್ಲಿ ಮೊದಲು ನೆನಪಾಗುವುದು ಆಸ್ತಿ ಪಾಲು. ಹಾಸನದ ಪೇಟೆಯಲ್ಲಿ ‘ಲಾಫ್ಟ್’ ಎಂದರೆ ಅಡುಗೆಮನೆಯ ಕಾಂಕ್ರೀಟ್ ಹಲಗೆ. ‘ಲಾಫ್ಟ್ ಪಾರ್ಟಿಷನ್’ ಎಂದರೆ ಅದಕ್ಕೆ ಬಾಗಿಲು ಕೂರಿಸಲು ಅಳತೆ ತೆಗೆಯುತ್ತಾರೆ. ‘ತಡಿಕೆ’ ಎಂದರೆ ಬಿದಿರಿನದು. ಕೆಳಗಿನ ಗೋಡೆಯ ನೇರಕ್ಕೇ ಮೇಲೇಳಬೇಕಾದ್ದರಿಂದ ‘ಅಟ್ಟದ ನಡುಗೋಡೆ’ ಒಪ್ಪುತ್ತದೆ.

ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಗಿಲಾವೂ ಸೇರಿ ಚದರ ಮೀಟರಿಗೆ 200 ಕಿಲೋ ದಾಟುತ್ತದೆ. ಕೆಳಗಿನ ಗೋಡೆ ಗಟ್ಟಿಯಿದ್ದರೆ ಸರಿ, ಹಳೇ ಮಣ್ಣಿನ ಗೋಡೆಯ ಮೇಲೆ ಹೇರಬಾರದು. ಅಲ್ಲಿಗೆ ಎರಡಡಿಗೊಂದು ಉಕ್ಕಿನ ಸ್ಟಡ್ (ನಿಲುವು ಪಟ್ಟಿ), ಒಳಗೆ ರಾಕ್‌ವೂಲ್ (ಕಲ್ಲು ಕರಗಿಸಿ ತೆಗೆದ ನಾರಿನ ಹಾಸು), ಎರಡೂ ಮೈಗೆ 12.5 ಮಿಲಿಮೀಟರಿನ ಫೈರ್ ದರ್ಜೆಯ ಜಿಪ್ಸಮ್ ಹಾಳೆ ಎರಡೆರಡು ಪದರ. ಮೊದಲ ಪದರಕ್ಕೆ 25, ಎರಡನೆಯದಕ್ಕೆ 35 ಮಿಲಿಮೀಟರಿನ ಸ್ಕ್ರೂ. ಒಂದರ ಸಂದು ಇನ್ನೊಂದರ ಸಂದಿನ ಮೇಲೆ ಬೀಳಕೂಡದು. ಜಿಪ್ಸಮ್ಮಿನ ತೂಕದಲ್ಲಿ ಐದರಲ್ಲೊಂದು ಪಾಲು ನೀರು. ಅದು ಆವಿಯಾಗಿ ಮುಗಿಯುವ ತನಕ ಆಚೆ ಮೈ ಹೆಚ್ಚು ಬಿಸಿಯಾಗುವುದಿಲ್ಲ, ತಾಳಿಕೆಯ ಗುಟ್ಟು ಅದು. ಆದರೆ ಮಳೆನೀರು ಕುಡಿದ ಹಾಳೆ ಮೆತ್ತಗಾಗಿ ಉದುರುತ್ತದೆ. ಆದ್ದರಿಂದ ಮೊದಲು ಒಡೆದ ಹೆಂಚು ಬದಲಾಯಿಸಿ. ಗೋಡೆ ದಾಟುವ ಪಿವಿಸಿ ಪೈಪು ಕರಗಿದರೆ ಅಲ್ಲೊಂದು ತೂತು. ಅದರ ಸುತ್ತ ಬಿಸಿಗೆ ಉಬ್ಬುವ ಸೀಲೆಂಟ್ ತುಂಬಬೇಕು.

ಗೋಡೆ ಸೋಲುವುದು ಹೆಚ್ಚಾಗಿ ನೆತ್ತಿಯಲ್ಲಿ. ಪಕಾಸಿಯ (ಮಾಡಿನ ಇಳಿಜಾರು ಮರ) ಮೇಲೆ ಅಡ್ಡ ಹಾಯ್ದ ರೀಪು (ಹೆಂಚು ಕೂರುವ ಮರದ ಪಟ್ಟಿ) ಗೋಡೆಯ ತಲೆ ಮೇಲೆ ನಿಲ್ಲದೆ ಪಕ್ಕದ ಮನೆಗೆ ಹೋಗುತ್ತದೆ. ರೀಪಿನ ದಪ್ಪದಷ್ಟೇ, ಒಂದಿಂಚು, ಹೆಂಚಿನ ಕೆಳಗೆ ಸಂದು ಉಳಿಯುತ್ತದೆ. ಒಣಗಿದ ರೀಪೇ ಬೆಂಕಿಗೆ ಸೇತುವೆ. ಗೋಡೆಯ ಎರಡೂ ಬದಿಗೆ ಒಂದೊಂದು ಪಕಾಸಿಯ ಆಸರೆ ಕೊಟ್ಟು ರೀಪನ್ನು ಅಲ್ಲಿಗೇ ಕತ್ತರಿಸಿ, ಹೆಂಚಿನ ತಗ್ಗು ಉಬ್ಬಿಗೆ ಕೂರುವಂತೆ ರಾಕ್‌ವೂಲನ್ನು ಒತ್ತಿ ತುರುಕಬೇಕು. ಗ್ಲಾಸ್‌ವೂಲ್ ಬೇಡ, ಅಷ್ಟು ಶಾಖಕ್ಕೆ ಕರಗಿ ಕುಗ್ಗುತ್ತದೆ. ಸೂರಿನ ಕೊನೆಯ ತನಕ ಇದೇ ಕೆಲಸ.

ಬಡಗಿಗಳು ಇದನ್ನು ‘ಪ್ಯಾಕಿಂಗ್’ ಎನ್ನುತ್ತಾರೆ. ಆ ಮಾತಿಗೆ ಮರದ ಚಕ್ಕೆ ಹೊಡೆದು ಮುಗಿಸುವುದೂ ಉಂಟು. ‘ಸಂದು ಬಿಗಿ’ ಎನ್ನಬಹುದೇ? ನಿಮ್ಮ ಊರಿನ ಬಡಗಿಗಳ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಊರಿನ ಹೆಸರಿನೊಂದಿಗೆ ಬರೆಯಿರಿ.