ರಾಯರ ಮೂಗು

"ಮೇಲಿನ ಮನೆ ಇನ್ನೂ ಖಾಲಿ. ಸರಿಯಾದವರು ಒಬ್ಬರೂ ಬರುತ್ತಿಲ್ಲ" ಎಂದರು ರಾಯರು, ಬೈಟು ಕಾಫಿಯಲ್ಲಿ ತುಸು ಹೆಚ್ಚಿದ್ದ ಲೋಟವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ.

"ಬರುತ್ತಿದ್ದಾರೆ. ನಿಮ್ಮ ಮೂಗಿನ ಪರೀಕ್ಷೆಯಲ್ಲಿ ಪಾಸಾಗುತ್ತಿಲ್ಲ" ಎಂದ ಶೀನಿ.

ಗೇಟಿಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿದೆ. ಅದನ್ನು ದಾಟಿ ಬಂದವರಿಗೆ ಹೆಸರು, ಆಮೇಲೆ ಊರು, ಆಮೇಲೆ "ನಿಮ್ಮ ಕಡೆ ಹಬ್ಬಕ್ಕೆ ಏನು ಮಾಡುತ್ತಾರೆ?" ಜಾತಿಯನ್ನು ನೇರವಾಗಿ ಕೇಳುವಷ್ಟು ಅಸಭ್ಯರಲ್ಲ ರಾಯರು.

"ನನ್ನ ಮನೆ, ನನ್ನ ಧರ್ಮ. ಮೊಟ್ಟೆ ವಾಸನೆ ಕೆಳಗಿಳಿದು ಬಂದರೆ ದೇವರ ಮನೆಯ ಗತಿ?"

"ಅಡ್ವಾನ್ಸು ಮೂಸಿ ನೋಡಿದ್ದೀರಾ? ಆ ಹತ್ತು ತಿಂಗಳ ದುಡ್ಡು ಬ್ಯಾಂಕಿನಲ್ಲಿ ಯಾವ ಕೋಳಿ ಅಂಗಡಿಯವನ ದುಡ್ಡಿನ ಪಕ್ಕ ಮಲಗಿತ್ತೋ!"

"ದುಡ್ಡಿಗೆ ಮೈಲಿಗೆಯಿಲ್ಲ."

ಪದ್ಮನಾಭ ಪೇಪರ್ ಮಡಚಿದ. "ಅಮೆರಿಕದಲ್ಲೇ ಒಪ್ಪಿದ್ದಾರೆ ಶೀನಿ. ಸಲಿಂಗಿಗಳ ಮದುವೆಗೆ ವೆಬ್‌ಸೈಟ್ ಮಾಡಿಕೊಡುವುದು ತನ್ನ ನಂಬಿಕೆಗೆ ವಿರುದ್ಧ ಎಂದು ಕೊಲೊರಾಡೊದ ಒಬ್ಬಾಕೆ ಕೋರ್ಟಿಗೆ ಹೋದಳು. 2023ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತರಲ್ಲಿ ಆರು ನ್ಯಾಯಮೂರ್ತಿಗಳು ಅವಳ ಪರ."

"ಅದು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ. ಅದಿರಲಿ, ದಾವೆ ಹೂಡಿದಾಗ ಆಕೆ ಮದುವೆ ವೆಬ್‌ಸೈಟಿನ ವ್ಯಾಪಾರವನ್ನೇ ಶುರು ಮಾಡಿರಲಿಲ್ಲ. ಒಲೆ ಹಚ್ಚುವ ಮೊದಲೇ ವಾಸನೆ ಹಿಡಿದವಳು! ರಾಯರಿಗೆ ತಂಗಿಯಾಗಬೇಕಿತ್ತು."

ರಾಯರು ಉತ್ತರ ಹುಡುಕುವಷ್ಟರಲ್ಲಿ ಶೀನಿ ಮುಂದುವರಿಸಿದ. "ಇಂಗ್ಲೆಂಡಿನ ಕೆಂಟ್‌ನಲ್ಲೂ ಒಂದು ಮೂಗಿತ್ತು. ನೂರಾರು ಮನೆಗಳ ಒಡೆಯ. ಬಿಳಿಯರಲ್ಲದವರಿಗೆ ಬಾಡಿಗೆಗೆ ಕೊಡಬೇಡಿ, ಖಾಲಿ ಮಾಡಿದ ಮೇಲೂ ‘ಕರ್ರಿ’ ಎಂಬ ಸಾರಿನ ಮಸಾಲೆ ವಾಸನೆ ಉಳಿಯುತ್ತದೆ ಎಂದು ಏಜೆಂಟರಿಗೆ ಬರೆದಿದ್ದ. 2017ರಲ್ಲಿ ಕೋರ್ಟು ಅದು ಕಾನೂನುಬಾಹಿರ ಎಂದಿತು."

"ಎಂಥ ದ್ವೇಷ!" ಲೋಟ ಮೇಜಿಗೆ ಕುಟ್ಟಿತು. "ನಮ್ಮ ಹುಳಿಗೆ ವಾಸನೆಯೇ?"

"ಆ ಮೂಗಿಗೆ ನಿಮ್ಮ ಹುಳಿಯೂ ಒಂದೇ, ನಮ್ಮ ಕೋಳಿ ಸಾರೂ ಒಂದೇ. ಸಮಾನತೆಯನ್ನು ಅವನಿಂದ ಕಲಿಯಬೇಕು."

ಮಾದಪ್ಪ ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. "ನಮ್ಮೂರಿನಲ್ಲಿ ವಿಷಯ ಮೂಗಿನವರೆಗೆ ಇಳಿಯುತ್ತಿರಲಿಲ್ಲ, ತಲೆಯಲ್ಲೇ ಮುಗಿಯುತ್ತಿತ್ತು. ಕ್ಷೌರದ ಅಂಗಡಿಗೆ ನಮ್ಮ ಕೇರಿಯವರನ್ನು ಸೇರಿಸುತ್ತಿರಲಿಲ್ಲ. ಅಪ್ಪನೇ ಕತ್ತರಿ ಹಿಡಿಯುತ್ತಿದ್ದ. ಇಲಿ ಕಡಿದಿದೆಯೇನೋ ಎಂದು ಮೇಷ್ಟ್ರೂ ನಗುತ್ತಿದ್ದರು."

ಪದ್ಮನಾಭ ಗಂಟಲು ಸರಿಪಡಿಸಿಕೊಂಡ. "ಅದಕ್ಕೇ ಸಂವಿಧಾನದ 15ನೇ ವಿಧಿಯಲ್ಲಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳಲ್ಲಿ, ಅಂಗಡಿ, ಹೋಟೆಲು ಎಲ್ಲವೂ ಇವೆ. ಜನರಿಗೆ ಸೇವೆ ಒದಗಿಸುವವರೆಲ್ಲ ಅಂಗಡಿಯ ಲೆಕ್ಕಕ್ಕೆ ಬರುತ್ತಾರೆ ಎಂದು ಅಂಬೇಡ್ಕರರು 1948ರಲ್ಲಿ ಸಂವಿಧಾನ ಸಭೆಯಲ್ಲೇ ಹೇಳಿದ್ದರು."

"ಮನೆ ಅಂಗಡಿಯಲ್ಲವಲ್ಲ!"

"ಬಾಡಿಗೆ ಏರಿಸುವಾಗ ಅಂಗಡಿ, ಬೋರ್ಡು ಹಾಕುವಾಗ ಮನೆ" ಎಂದ ಶೀನಿ.

ರಾಯರು ಮಾತು ತಿರುಗಿಸಿದರು. "ಮಾದಪ್ಪ, ನೀವೂ ಮನೆ ಹುಡುಕುತ್ತಿದ್ದಿರಲ್ಲವೇ?"

"ಸಿಕ್ಕಿತು, ಆನೇಕಲ್ ಕಡೆ. ಎರಡು ಬಸ್ಸು ಹತ್ತಬೇಕು."

"ಅಷ್ಟು ದೂರವೇ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ನೀವು ಪರಿಚಯದವರು."

"ನಿಮ್ಮ ಗೇಟಿನವರೆಗೆ ಬಂದಿದ್ದೆ ರಾಯರೇ. ಪರಿಚಯದವರ ವಿಷಯ ಬೋರ್ಡಿನಲ್ಲಿ ಏನೂ ಇರಲಿಲ್ಲ."

"ಬರೆಸಿಬಿಡಿ ರಾಯರೇ" ಎಂದ ಶೀನಿ. "ಕೆಳಗೆ ಒಂದು ಸಾಲಿನಷ್ಟು ಜಾಗವಿದೆ."