ಕೃತಕ ಜೀವಿಗಳು ನಡೆಯುವ ಬದಲು ಉರುಳಿ ಬಿದ್ದೇ ಗೆಲ್ಲುತ್ತಿವೆ: ತಡೆಯುವುದು ಹೇಗೆ?

ಪ್ರಶ್ನೆ:
ಪೆಟ್ಟಿಗೆಯಾಕಾರದ ತುಂಡುಗಳನ್ನು ಕೀಲುಗಳಿಂದ ಜೋಡಿಸಿದ ಜೀವಿಗಳು ವಿಕಾಸದ ಮೂಲಕ ತಾವಾಗಿಯೇ ನಡೆಯಲು ಕಲಿಯುವಂತೆ ಒಂದು ಪ್ರೋಗ್ರಾಂ ಬರೆಯುತ್ತಿದ್ದೇನೆ. ಹತ್ತು ಸೆಕೆಂಡುಗಳಲ್ಲಿ ಹೆಚ್ಚು ದೂರ ಸಾಗಿದ ಜೀವಿಗೆ ಹೆಚ್ಚು ಫಿಟ್‌ನೆಸ್ ಅಂಕ, ಅಂದರೆ ಮುಂದಿನ ಪೀಳಿಗೆಗೆ ಆಯ್ಕೆಯಾಗುವ ಹೆಚ್ಚು ಅವಕಾಶ. ಆದರೆ ಪೀಳಿಗೆಗಳು ಕಳೆದಂತೆ ಕಾಲುಗಳು ಮೂಡುವ ಬದಲು ದೇಹವೇ ಕಂಬದಂತೆ ಎತ್ತರವಾಗುತ್ತಾ ಹೋಗಿ, ಸಿಮ್ಯುಲೇಶನ್ ಆರಂಭವಾದೊಡನೆ ಧೊಪ್ಪನೆ ಮುಂದಕ್ಕೆ ಬಿದ್ದು, ಬಿದ್ದಷ್ಟು ದೂರಕ್ಕೇ ಅಂಕ ಗಿಟ್ಟಿಸಿಕೊಳ್ಳುತ್ತಿದೆ. ಮ್ಯುಟೇಶನ್ (ಮರಿಗಳಲ್ಲಿ ಆಗುವ ಆಕಸ್ಮಿಕ ಬದಲಾವಣೆ) ಪ್ರಮಾಣವನ್ನು ಬದಲಿಸಿದರೂ ಫಲ ಅದೇ. ದೋಷ ಅಲ್ಗಾರಿದಂನಲ್ಲಿದೆಯೇ?

ಉತ್ತರ 1:
ಅಲ್ಗಾರಿದಂ ಸರಿಯಾಗಿಯೇ ಕೆಲಸ ಮಾಡುತ್ತಿದೆ. ನೀವು ಅಂಕ ಕೊಟ್ಟಿರುವುದು ದೂರಕ್ಕೆ, ನಡಿಗೆಗಲ್ಲ. ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಕಾರ್ಲ್ ಸಿಮ್ಸ್ ಇಂಥದೇ ಕೃತಕ ಜೀವಿಗಳ ಮೇಲೆ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ. ಅಳತೆ ಆರಂಭಿಸುವ ಮುನ್ನ ನೆಲದ ಘರ್ಷಣೆಯನ್ನೂ ಜೀವಿಯ ಸ್ನಾಯುಬಲವನ್ನೂ ತೆಗೆದುಹಾಕಿ, ಅದರ ದ್ರವ್ಯರಾಶಿಯ ಕೇಂದ್ರವು ಇನ್ನು ಕೆಳಗಿಳಿಯಲಾರದ ಸ್ಥಿತಿಗೆ ಬರುವವರೆಗೆ ಕುಸಿಯಲು ಬಿಟ್ಟು, ಆಮೇಲಷ್ಟೇ ಎರಡನ್ನೂ ಮರಳಿಸುತ್ತಿದ್ದರು. ಬೀಳುವುದನ್ನೆಲ್ಲ ಮೊದಲೇ ಬಿದ್ದು ಮುಗಿಸಿದ ಜೀವಿಗೆ ಎತ್ತರದಿಂದ ಲಾಭವಿಲ್ಲ. ಎತ್ತರಕ್ಕೆ ಅಂಕ ಕಳೆಯುವ ದಾರಿಯನ್ನು ಮಾತ್ರ ಹಿಡಿಯಬೇಡಿ; ಉದ್ದ ಕಾಲಿನ ಒಳ್ಳೆಯ ನಡಿಗೆಯೂ ಅದರೊಂದಿಗೇ ಅಳಿಸಿಹೋಗುತ್ತದೆ.

ಉತ್ತರ 2:
ಮೇಲಿನ ಸಲಹೆಗೆ ನನ್ನ ಸಹಮತವಿದೆ, ಆದರೆ ಉರುಳುವುದನ್ನು ನಿಲ್ಲಿಸಿದ ಮೇಲೆ ಅವು ಹುಡುಕುವ ಮುಂದಿನ ಕಿಂಡಿ ನಿಮ್ಮ ಪ್ರೋಗ್ರಾಂನಲ್ಲಿ ಚಲನೆಯನ್ನೂ ಬಲಗಳನ್ನೂ ಲೆಕ್ಕಹಾಕುವ ಭೌತಶಾಸ್ತ್ರದ ಎಂಜಿನ್‌ನಲ್ಲೇ ಇರುತ್ತದೆ. ಶಕ್ತಿಯು ಎಲ್ಲಿಯಾದರೂ ಪುಕ್ಕಟೆಯಾಗಿ ಸಿಗುವಂತಿದ್ದರೆ ವಿಕಾಸವು ಅದನ್ನು ಬಿಡುವುದಿಲ್ಲವೆಂದು ಸಿಮ್ಸ್ ಅವರೂ ಎಚ್ಚರಿಸಿದ್ದರು. ಗುರುತ್ವ, ನೆಲ, ದ್ರವದ ಪ್ರತಿರೋಧ ಯಾವುದೂ ಇಲ್ಲದ ಬರಿದಾದ ಜಾಗದಲ್ಲಿ, ನಿಶ್ಚಲ ಸ್ಥಿತಿಯಿಂದ, ಒಂದು ಜೀವಿಯನ್ನು ಕೈಕಾಲು ಬಡಿಯಲು ಬಿಡಿ: ಅದರ ದ್ರವ್ಯರಾಶಿಯ ಕೇಂದ್ರ ಕದಲಿದರೆ ಎಂಜಿನ್‌ನಲ್ಲಿ ದೋಷವಿದೆ ಎಂದೇ ಅರ್ಥ. ಗೆದ್ದ ಜೀವಿಯನ್ನು ಅರ್ಧದಷ್ಟು ಟೈಮ್‌ಸ್ಟೆಪ್‌ನಲ್ಲಿ (ಲೆಕ್ಕಾಚಾರದ ಒಂದೊಂದು ಹೆಜ್ಜೆಯ ಕಾಲಾವಧಿ) ಮತ್ತೊಮ್ಮೆ ಓಡಿಸುವುದೂ ಒಳಿತು. ದೂರದಲ್ಲಿ ಭಾರೀ ವ್ಯತ್ಯಾಸ ಕಂಡರೆ ಆ ಗೆಲುವನ್ನು ನಂಬಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಷ್ಟೆಲ್ಲ ಪರೀಕ್ಷೆಗಳನ್ನು ಸೇರಿಸಿದರೆ ಸಾಧಾರಣ ಲ್ಯಾಪ್‌ಟಾಪ್ ತಡೆದುಕೊಳ್ಳುವುದೇ?

ಉತ್ತರ 1:
ಧಾರಾಳವಾಗಿ. ಸಿಮ್ಸ್ ಅವರ ಪ್ರಯೋಗದಲ್ಲಿ ಸಾಮಾನ್ಯವಾಗಿ 300 ಜೀವಿಗಳಿದ್ದು, 100 ಪೀಳಿಗೆಗಳ ಓಟಕ್ಕೆ 32 ಪ್ರೊಸೆಸರ್‌ಗಳ ಕನೆಕ್ಷನ್ ಮಷೀನ್ ಸಿಎಂ-5 ಎಂಬ ಅಂದಿನ ಸೂಪರ್‌ಕಂಪ್ಯೂಟರ್‌ನಲ್ಲಿ ಸುಮಾರು ಮೂರು ಗಂಟೆ ಹಿಡಿಯುತ್ತಿತ್ತು; ಇಂದಿನ ಲ್ಯಾಪ್‌ಟಾಪ್‌ಗೆ ಅದು ದೊಡ್ಡ ಹೊರೆಯಲ್ಲ. ನಿಂತಲ್ಲೇ ನಿಂತಿರುವ ಜೀವಿಗಳ ಪರೀಕ್ಷೆಯನ್ನು ಒಂದೆರಡು ಸೆಕೆಂಡಿಗೇ ಮೊಟಕುಗೊಳಿಸಿದರೆ ಬಹಳಷ್ಟು ಸಮಯ ಉಳಿಯುತ್ತದೆ. ಪ್ರತಿ ಓಟದ ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಆರಂಭಿಸುವ ಸಂಖ್ಯೆ) ಅನ್ನು ಮರೆಯದೆ ದಾಖಲಿಸಿಡಿ, ಇಲ್ಲವಾದರೆ ವಿಚಿತ್ರವಾಗಿ ಗೆದ್ದ ಜೀವಿ ಹುಟ್ಟಿಬಂದ ಹಾದಿಯನ್ನು ಮತ್ತೆ ಓಡಿಸಿ ನೋಡುವುದು ಸಾಧ್ಯವಾಗದು.