ವಿಡಿಯೋ ಎಡಿಟಿಂಗ್‌ಗೆ ಎಕ್ಸ್‌ಟರ್ನಲ್ ಡ್ರೈವ್: ಬಳಸಿದವರು ಅನುಭವ ಹೇಳಿ

ಜಾಗ ಇಲ್ಲದವನು:
ಲ್ಯಾಪ್‌ಟಾಪ್‌ನಲ್ಲಿ 512 ಜಿಬಿ ಎಸ್‌ಎಸ್‌ಡಿ ಇದೆ. ಉಳಿದಿರುವುದು 19 ಜಿಬಿ. ವಿಂಡೋಸ್, ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್. ನಾನು ಮಾಡುವುದು ಸಂದರ್ಶನಗಳು. ಎರಡು ಕ್ಯಾಮೆರಾ, ಎರಡೂ 4ಕೆ, ಸೆಕೆಂಡಿಗೆ 100 ಮೆಗಾಬಿಟ್. ಒಂದೊಂದರಿಂದ ಗಂಟೆಗೆ 45 ಜಿಬಿ ಬರುತ್ತದೆ. ಎಕ್ಸ್‌ಟರ್ನಲ್ ಡ್ರೈವ್ ತಗೊಂಡು ಅದರಿಂದಲೇ ನೇರ ಎಡಿಟ್ ಮಾಡಬಹುದಾ? ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಸಾಕಾ, ಬರೀ ಚಿಪ್ ಇರುವ ಎಸ್‌ಎಸ್‌ಡಿನೇ ಬೇಕಾ? ಹಳೆ ಪ್ರಾಜೆಕ್ಟ್‌ಗಳನ್ನೆಲ್ಲ ಅದಕ್ಕೆ ಕಟ್ ಪೇಸ್ಟ್ ಮಾಡಿ ಲ್ಯಾಪ್‌ಟಾಪ್ ಖಾಲಿ ಮಾಡೋಣ ಅಂತಿದ್ದೇನೆ. ಮಾಡಿದವರು ದಯವಿಟ್ಟು ಹೇಳಿ.

ಸುಟ್ಟ ಅಡಾಪ್ಟರ್:
"ಕಟ್ ಪೇಸ್ಟ್" ಅಂತ ಓದಿದ ತಕ್ಷಣ ಹೊಟ್ಟೆ ಕಲಸಿದ ಹಾಗಾಯಿತು. ನನ್ನ ಕಥೆ ಕೇಳಿ.

ಮೂರು ವರ್ಷದ ಕೆಲಸ, 3.4 ಟಿಬಿ, ಎಲ್ಲವನ್ನೂ ಒಂದು 4 ಟಿಬಿ ಡ್ರೈವ್‌ಗೆ ಕಟ್ ಪೇಸ್ಟ್ ಮಾಡಿದ್ದೆ. ಮೇಜಿನ ಮೇಲೆ ಇಡುವ ದೊಡ್ಡದು, 3.5 ಇಂಚಿಂದು. ಅದಕ್ಕೆ ಬೇರೆ 12 ವೋಲ್ಟ್ ಅಡಾಪ್ಟರ್ ಬೇಕು. ಲ್ಯಾಪ್‌ಟಾಪ್‌ದು 19 ವೋಲ್ಟ್. ಎರಡೂ ಕಪ್ಪು, ಎರಡರ ಪಿನ್ನೂ ಗುಂಡಗೆ, ಎರಡೂ ಮೇಜಿನ ಕೆಳಗೆ ಒಂದೇ ಗಂಟಾಗಿ ಬಿದ್ದಿದ್ದವು. ರಾತ್ರಿ ಒಂದೂವರೆಗೆ ಕೈಗೆ ಸಿಕ್ಕಿದ್ದನ್ನು ಚುಚ್ಚಿದೆ. ಟಿಕ್ ಅಂತ ಒಂದು ಸದ್ದು. ಆಮೇಲೆ ವಾಸನೆ. ಅಷ್ಟೇ.

ಅದೇ ಮಾಡೆಲ್‌ನ ಇನ್ನೊಂದು ಡ್ರೈವ್ ಕೊಂಡು, ಬೋರ್ಡ್ ಬಿಚ್ಚಿ ಇದಕ್ಕೆ ಹಾಕಿದೆ. ಏಳಲಿಲ್ಲ. ಆ ಬೋರ್ಡ್ ಮೇಲೆ ಎಂಟು ಕಾಲಿನ ಸಣ್ಣ ಚಿಪ್ ಒಂದಿರುತ್ತದಂತೆ. ಆ ಡಿಸ್ಕಿಗೇ ಸೇರಿದ ಲೆಕ್ಕವೆಲ್ಲ ಅದರಲ್ಲಿ. ಅದನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು. ಅದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ಡ್ರೈವ್ ಹಾಳು. ಡೇಟಾ ರಿಕವರಿಯವರು ಹೊಸ ಡ್ರೈವ್ ಬೆಲೆಯ ಆರು ಪಟ್ಟು ಕೇಳಿದರು. ಕೊಟ್ಟೆ. ಹನ್ನೊಂದು ವಾರ ಕಾದೆ. ಒಳಗಿನ ಹೆಡ್‌ಗೂ ಪೆಟ್ಟಾಗಿತ್ತು, 3.1 ಟಿಬಿ ಮಾತ್ರ ವಾಪಸ್ ಬಂತು. ಹೋಗಿದ್ದರಲ್ಲಿ ಒಂದು ಪ್ರಾಜೆಕ್ಟಿನ ಆಡಿಯೋ ಫೋಲ್ಡರ್ ಇತ್ತು. ವಿಡಿಯೋ ಪೂರ್ತಿ ಇದೆ. ಎಂಟು ಗಂಟೆ ಜನ ತುಟಿ ಆಡಿಸುತ್ತಾರೆ, ಮಾತಿಲ್ಲ.

ಕಾಪಿ ಮಾಡಿ. ಆ ಕಡೆ ಫೈಲ್ ತೆರೆದು ನೋಡಿ. ಇನ್ನೊಂದು ಡ್ರೈವ್‌ಗೂ ಹಾಕಿ. ಆಮೇಲೆ ಅಳಿಸಿ. ಮತ್ತೆ ಅಡಾಪ್ಟರ್‌ಗೆ ಬಿಳಿ ಟೇಪ್ ಸುತ್ತಿ.

ಗೇಣುದ್ದ ಕೇಬಲ್:
ಎಲ್ಲರೂ ಡ್ರೈವ್ ಬಗ್ಗೆ ಮಾತಾಡುತ್ತಾರೆ, ಕೇಬಲ್ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾನು 10 ಗಿಗಾಬಿಟ್ ಎಸ್‌ಎಸ್‌ಡಿ ತಗೊಂಡೆ, ಲ್ಯಾಪ್‌ಟಾಪ್ ಬೆಲೆಯ ಕಾಲು ಭಾಗ ಕೊಟ್ಟು. ಡಬ್ಬದ ಮೇಲೆ ಸೆಕೆಂಡಿಗೆ 1050 ಎಂಬಿ ಅಂತ ಬರೆದಿದೆ. ನನಗೆ ಬಂದದ್ದು 38. ಮೂವತ್ತೆಂಟು! ವಾಪಸ್ ಕೊಟ್ಟು ಇನ್ನೊಂದು ತರಿಸಿದೆ. ಅದೂ 38. ಡ್ರೈವರ್ ಹಾಕಿದೆ, ಫಾರ್ಮ್ಯಾಟ್ ಮಾಡಿದೆ, ವಿಂಡೋಸನ್ನೇ ಹೊಸದಾಗಿ ಹಾಕಿದೆ. ಹದಿನೈದು ದಿನ ಹೀಗೇ ಹೋಯಿತು.

ಕೊನೆಗೆ ನೋಡಿದರೆ ನಾನು ಚುಚ್ಚಿದ್ದು ಫೋನ್ ಚಾರ್ಜರ್ ಕೇಬಲ್. ಎರಡು ತುದಿಯೂ ಟೈಪ್ ಸಿ, ನೋಡಲು ಒಂದೇ ಥರ. ಒಳಗೆ ಯುಎಸ್‌ಬಿ 2.0ಕ್ಕೆ ಬೇಕಾದಷ್ಟೇ ತಂತಿ. 480 ಮೆಗಾಬಿಟ್‌ಗಿಂತ ಜಾಸ್ತಿ ಹೋಗಲು ದಾರಿಯೇ ಇಲ್ಲ. ಡ್ರೈವ್ ಜೊತೆ ಬಂದ ಕೇಬಲ್ ಗೇಣುದ್ದ ಇತ್ತು, ಚಿಕ್ಕದಾಯ್ತು ಅಂತ ಡಬ್ಬದಲ್ಲೇ ಬಿಟ್ಟಿದ್ದೆ. ಅದನ್ನು ಹಾಕಿದೆ, 940 ಬಂತು.

ಪೋರ್ಟ್ ಕೂಡ ನೋಡಿ. ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1, ಮೂರೂ ಒಂದೇ 5 ಗಿಗಾಬಿಟ್. ಒಂದೇ ಕೂಸಿಗೆ ಮೂರು ಸಲ ನಾಮಕರಣ ಮಾಡಿದ್ದಾರೆ. 20 ಗಿಗಾಬಿಟ್ ಡ್ರೈವ್ ಅಂತ ಕೊಳ್ಳುವವರಿಗೆ ಒಂದು ಮಾತು: ಕಂಪ್ಯೂಟರ್‌ನಲ್ಲಿ 2x2 ಅನ್ನುವ ಪೋರ್ಟ್ ಇಲ್ಲದಿದ್ದರೆ ಅದು 10ಕ್ಕೇ ಇಳಿಯುತ್ತದೆ.

ಹಾರ್ಡ್ ಡಿಸ್ಕೇ ಸಾಕು:
ಸುಮ್ನೆ ಹೆದರಿಸಬೇಡಿ ಅವರನ್ನು. ಎಂಟು ವರ್ಷದಿಂದ ಹಾರ್ಡ್ ಡಿಸ್ಕಿನಲ್ಲೇ ಎಡಿಟ್ ಮಾಡುತ್ತಿದ್ದೇನೆ. ಲೆಕ್ಕ ಹಾಕಿ. 100 ಮೆಗಾಬಿಟ್ ಅಂದರೆ ಸೆಕೆಂಡಿಗೆ 12.5 ಎಂಬಿ. ಎರಡು ಕ್ಯಾಮೆರಾ ಅಂದರೆ 25. ನನ್ನ ಪಾಕೆಟ್ ಹಾರ್ಡ್ ಡಿಸ್ಕ್ 120 ಕೊಡುತ್ತದೆ. ಇನ್ನು 940 ಇಟ್ಟುಕೊಂಡು ಏನು ಮಾಡುತ್ತೀರಿ, ಉಪ್ಪಿನಕಾಯಿ ಹಾಕುತ್ತೀರಾ? ಒಂದು ಎಸ್‌ಎಸ್‌ಡಿ ದುಡ್ಡಿನಲ್ಲಿ ಅಷ್ಟೇ ಜಾಗದ ಎರಡು ಹಾರ್ಡ್ ಡಿಸ್ಕ್ ಬರುತ್ತವೆ. ಒಂದು ಕೆಲಸಕ್ಕೆ, ಒಂದು ಬ್ಯಾಕಪ್‌ಗೆ. ರಾತ್ರಿ ಪ್ರಾಕ್ಸಿ (ಎಡಿಟ್ ಮಾಡಲು ಮಾತ್ರ ಬಳಸುವ ಹಗುರ ಪ್ರತಿ) ಹಾಕಿ ಮಲಗಿ, ಬೆಳಿಗ್ಗೆ ಎದ್ದು ಪ್ರಾಕ್ಸಿ ಮೇಲೆ ಎಡಿಟ್ ಮಾಡಿ. ಪ್ರಾಕ್ಸಿ ಲ್ಯಾಪ್‌ಟಾಪ್‌ನಲ್ಲಿ, ಒರಿಜಿನಲ್ ಡಿಸ್ಕ್‌ನಲ್ಲಿ. ಈ ಎಂಟು ವರ್ಷದಲ್ಲಿ ಒಂದು ಫೈಲ್ ಹೋಗಿಲ್ಲ.

ಹೆಂಚಿನ ಮನೆ:
120 ಬರುವುದು ಒಂದೇ ಫೈಲನ್ನು ನೇರವಾಗಿ ಓದಿದಾಗ ಸ್ವಾಮಿ. ಎರಡು ಕ್ಯಾಮೆರಾ ಫೈಲ್, ಒಂದು ಆಡಿಯೋ, ಮೇಲೆ ವೇವ್‌ಫಾರ್ಮ್. ಡಿಸ್ಕ್ ಓದುವ ಒಂದೇ ಮುಳ್ಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಬೇಕು. ಪ್ಲೇಹೆಡ್ (ವಿಡಿಯೋ ಎಲ್ಲಿದೆ ಅಂತ ತೋರಿಸುವ ಗೆರೆ) ಎಳೆದಾಗ ಅರ್ಧ ಸೆಕೆಂಡ್ ತಡ. ದಿನಕ್ಕೆ ಎರಡು ಸಾವಿರ ಸಲ ಎಳೆಯುತ್ತೇವೆ.

ನನ್ನ ಅನುಭವ ಇನ್ನೂ ಕೆಟ್ಟದ್ದು. ಅಗ್ಗ ಅಂತ 5 ಟಿಬಿ ಪಾಕೆಟ್ ಡ್ರೈವ್ ತಗೊಂಡೆ. ಅದು ಎಸ್‌ಎಂಆರ್ ಅಂತ ಡಬ್ಬದ ಮೇಲೆ ಎಲ್ಲೂ ಇರಲಿಲ್ಲ. ಒಳಗೆ ಟ್ರ್ಯಾಕ್‌ಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂರಿಸಿರುತ್ತಾರೆ. ಒಂದು ಹೆಂಚು ಬದಲಿಸಬೇಕು ಅಂದರೆ ಮೇಲಿನ ಸಾಲನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಅರ್ಧ ತುಂಬಿದ್ದ ಡ್ರೈವ್‌ನಲ್ಲಿ ಹಳೇದು ಅಳಿಸಿ 600 ಜಿಬಿ ಹೊಸದು ಕಾಪಿಗೆ ಹಾಕಿದೆ. ಶುರುವಿಗೆ 130. ಅರ್ಧ ಗಂಟೆಗೆ 60. ಆಮೇಲೆ 17, 9, ಸೊನ್ನೆ, ಮತ್ತೆ 22. ಸಂಜೆ ಏಳಕ್ಕೆ ಹಾಕಿದ್ದು ಬೆಳಿಗ್ಗೆ ಆರಕ್ಕೆ 71 ಪರ್ಸೆಂಟ್. ಹತ್ತಕ್ಕೆ ವಿಡಿಯೋ ಕೊಡಬೇಕಿತ್ತು. ಕೊಡಲಿಲ್ಲ. ಆ ಕೆಲಸ ಕೊಟ್ಟವರು ಮತ್ತೆ ಫೋನ್ ಮಾಡಿಲ್ಲ.

ಹಾರ್ಡ್ ಡಿಸ್ಕೇ ಸಾಕು:
"ಪ್ರಾಕ್ಸಿ" ಅಂತ ಬರೆದಿದ್ದೆ. ಓದಿದ್ರಾ? ಪ್ರಾಕ್ಸಿ ಲ್ಯಾಪ್‌ಟಾಪ್‌ನಲ್ಲಿದ್ದರೆ ಮುಳ್ಳು ಎಲ್ಲಿಗೆ ಓಡುತ್ತದೆ? ಕೊಡುವ ಹಿಂದಿನ ರಾತ್ರಿ 600 ಜಿಬಿ ಕಾಪಿಗೆ ಇಟ್ಟವರು ನೀವು, ಬೈಗುಳ ಮಾತ್ರ ಡಿಸ್ಕ್‌ಗೆ.

ಮತ್ತೆ ಎಸ್‌ಎಸ್‌ಡಿ ಭಕ್ತರಿಗೆ: ಅದನ್ನು ಕರೆಂಟ್ ಕೊಡದೆ ಒಂದು ವರ್ಷ ಕಪಾಟಿನಲ್ಲಿ ಇಡಿ, ಆಮೇಲೆ ಮಾತಾಡೋಣ. ಒಳಗಿನ ಚಾರ್ಜ್ ಸೋರಿ ಹೋಗುತ್ತದೆ.

ಹೆಂಚಿನ ಮನೆ:
ಅರ್ಧ ಓದಿ ಹೇಳಬೇಡಿ. ಆ ಒಂದು ವರ್ಷದ ಲೆಕ್ಕ ಚಿಪ್ ಕಂಪನಿಗಳ ಸಂಘ ಜೆಡೆಕ್‌ನ ಮಾನದಂಡದ್ದು. ಡ್ರೈವ್‌ಗೆ ಕೊಟ್ಟ ಬರವಣಿಗೆಯ ಮಿತಿ ಪೂರ್ತಿ ಮುಗಿದ ಮೇಲೂ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಯಬೇಕು ಅಂತ. ಹೊಸ ಡ್ರೈವ್ ಒಂದು ವರ್ಷಕ್ಕೆ ಖಾಲಿ ಆಗುತ್ತದೆ ಅಂತಲ್ಲ. ಆದರೂ ಒಪ್ಪುತ್ತೇನೆ, ವರ್ಷಗಟ್ಟಲೆ ಎತ್ತಿಡುವುದಕ್ಕೆ ಎಸ್‌ಎಸ್‌ಡಿ ಬೇಡ. ಅವರು ಕೇಳಿದ್ದು ಎಡಿಟಿಂಗ್‌ಗೆ.

ಹಾರ್ಡ್ ಡಿಸ್ಕೇ ಸಾಕು:
ಹಳೆ ಪ್ರಾಜೆಕ್ಟ್ ಎತ್ತಿಡುವುದಕ್ಕೂ ಕೇಳಿದ್ದಾರೆ. ಕನ್ನಡಕ ಹಾಕಿಕೊಳ್ಳಿ.

ಮೂರು ಭಾನುವಾರ:
ಡ್ರೈವ್ ಬಿಡಿ, ಕ್ಯಾಶ್ ನೋಡಿದ್ದೀರಾ? ಸಾಫ್ಟ್‌ವೇರ್ ತಾನೇ ಮಾಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲ್‌ಗಳು.

ನಾನೂ ಹೀಗೇ ಜಾಗ ಇಲ್ಲ ಅಂತ ಎರಡು ಡ್ರೈವ್ ಕೊಂಡವಳು. ಮೂರು ಭಾನುವಾರ ಕೂತು ಫೈಲ್ ಸಾಗಿಸಿದೆ. ಎರಡೇ ವಾರಕ್ಕೆ ಮತ್ತೆ ಕೆಂಪು ಪಟ್ಟಿ. ಆಗ ಫೋಲ್ಡರ್ ಒಂದೊಂದಾಗಿ ಗಾತ್ರ ನೋಡಿದೆ. ಕ್ಯಾಶ್‌ಕ್ಲಿಪ್ ಅಂತ ಒಂದು ಫೋಲ್ಡರ್, 187 ಜಿಬಿ! ಎರಡು ವರ್ಷದ ಹಿಂದೆ ಮುಗಿಸಿ ಕೊಟ್ಟ ಪ್ರಾಜೆಕ್ಟ್‌ಗಳ ರೆಂಡರ್ ಕ್ಯಾಶ್ ಅದು. ಕ್ಯಾಮೆರಾ ಫೈಲ್ 100 ಮೆಗಾಬಿಟ್ ಇದ್ದರೂ ಕ್ಯಾಶ್ ಅಷ್ಟರಲ್ಲಿ ಇರುವುದಿಲ್ಲ. 4ಕೆ 30 ಫ್ರೇಮ್‌ನ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್ ಅನ್ನುವ ಫಾರ್ಮ್ಯಾಟ್ ಅಂದರೆ ಸೆಕೆಂಡಿಗೆ ಸುಮಾರು 870 ಮೆಗಾಬಿಟ್. ಹೆಚ್ಚುಕಮ್ಮಿ ಒಂಬತ್ತು ಪಟ್ಟು. ಅದನ್ನೂ ನಾನೇ ಆರಿಸಿದ್ದೆ, ಯಾರನ್ನೂ ಬೈಯುವ ಹಾಗಿಲ್ಲ.

ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನು, ಡಿಲೀಟ್ ರೆಂಡರ್ ಕ್ಯಾಶ್, ಆಲ್. ಒಂದೊಂದು ಪ್ರಾಜೆಕ್ಟ್ ತೆರೆದು ಮಾಡಬೇಕು. ಒರಿಜಿನಲ್‌ಗೆ ಏನೂ ಆಗುವುದಿಲ್ಲ, ಬೇಕಾದರೆ ಮತ್ತೆ ರೆಂಡರ್ ಆಗುತ್ತದೆ. ಪ್ರೀಮಿಯರ್‌ನವರಿಗೆ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶ್. ಜೊತೆಗೆ ಹೈಬರ್ನೇಷನ್ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಮಲಗುವುದು) ಆಫ್ ಮಾಡಿದೆ, 32 ಜಿಬಿ ರ‍್ಯಾಮ್‌ನ ಮಷೀನ್, 12 ಜಿಬಿ ಮೇಲೆ ಸಿಕ್ಕಿತು. ಎರಡನೇ ಡ್ರೈವ್ ಈಗಲೂ ಡಬ್ಬದಲ್ಲೇ ಇದೆ. ಅದನ್ನು ನೋಡಿದಾಗೆಲ್ಲ ಮೈ ಉರಿಯುತ್ತದೆ.

ಗೇಣುದ್ದ ಕೇಬಲ್:
ಮೇಡಂ, ಬಿಚ್ಚದ ಡ್ರೈವ್‌ನಲ್ಲೂ ಕೇಬಲ್ ಇರುತ್ತದೆ. ಅದನ್ನು ತೆಗೆದು ಇಟ್ಟುಕೊಳ್ಳಿ.

ಕಸದ ಬುಟ್ಟಿ:
ನಾನು ಮ್ಯಾಕ್. 210 ಜಿಬಿ ಅಳಿಸಿದೆ, ಖಾಲಿ ಜಾಗ ಒಂದು ಜಿಬಿಯೂ ಏರಲಿಲ್ಲ. ರೀಸ್ಟಾರ್ಟ್ ಮಾಡಿದೆ. ಇಲ್ಲ. ಮ್ಯಾಕ್‌ನ ಬ್ಯಾಕಪ್, ಟೈಮ್ ಮಷೀನ್, ಲ್ಯಾಪ್‌ಟಾಪ್ ಒಳಗೇ ಸ್ನ್ಯಾಪ್‌ಶಾಟ್ ಇಟ್ಟುಕೊಂಡಿರುತ್ತದೆ, ಅಳಿಸಿದ ಫೈಲ್ ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ದಿನ ಸುಮ್ಮನೆ ಬಿಟ್ಟರೆ ತಾನೇ ಬಿಡುತ್ತದೆ ಅಂತ ನನಗೆ ಯಾರೂ ಹೇಳಲಿಲ್ಲ. ನಾನು ಆ ಒಂದು ದಿನದಲ್ಲಿ ಗಾಬರಿಯಾಗಿ ಬೇಕಾದದ್ದನ್ನೂ ಅಳಿಸಿಬಿಟ್ಟೆ. ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ ಅಳಿಸಿದ್ದೂ ಅದರೊಳಗೇ ಅಡಗಿ ಕೂತಿರುತ್ತದೆ, ಆ ಡ್ರೈವ್ ಚುಚ್ಚಿ ಟ್ರ್ಯಾಶ್ ಖಾಲಿ ಮಾಡುವ ತನಕ.

ಇನ್ನೊಂದು. ಗೆಳೆಯನ ವಿಂಡೋಸ್‌ಗೂ ಆಗಲಿ ಅಂತ ಡ್ರೈವನ್ನು ಎರಡೂ ಕಡೆ ಓದುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ್ದೆ. ಕಾಪಿ ಆಗುತ್ತಿರುವಾಗ ಕಾಲು ಕೇಬಲ್‌ಗೆ ತಾಗಿತು, ಡ್ರೈವ್ ಕಳಚಿತು. ಮತ್ತೆ ಹಾಕಿದರೆ ಫೋಲ್ಡರ್ ಇದೆ, ಒಳಗೆ ಏನೂ ಇಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ, ಅರ್ಧಕ್ಕೆ ನಿಂತ ಕೆಲಸ ಎಲ್ಲಿಗೆ ನಿಂತಿತ್ತು ಅಂತ ಅದಕ್ಕೇ ನೆನಪಿರುವುದಿಲ್ಲ. ಎರಡು ದಿನ ಅದರ ಹಿಂದೆ. ಅದಕ್ಕೇ ಹೇಳುವುದು, ಇಜೆಕ್ಟ್ ಮಾಡದೆ ಕೀಳಬೇಡಿ.

ಹೆಂಚಿನ ಮನೆ:
ವಿಂಡೋಸ್‌ನಲ್ಲಿ ಇಜೆಕ್ಟ್ ಬೇಕಿಲ್ಲ. 2018ರ 1809 ಆವೃತ್ತಿಯಿಂದ ಇಜೆಕ್ಟ್ ಇಲ್ಲದೆ ಕೀಳಲು ಬಿಡುವ ಕ್ವಿಕ್ ರಿಮೂವಲ್ಲೇ ಡಿಫಾಲ್ಟ್. ನಾನು ಹಾಗೇ ಕೀಳುತ್ತೇನೆ.

ಕಸದ ಬುಟ್ಟಿ:
ಕಾಪಿ ಆಗುತ್ತಿರುವಾಗ ಕಿತ್ತರೆ ಯಾವ ರಿಮೂವಲ್ಲೂ ಕಾಪಾಡುವುದಿಲ್ಲ. ರಿಸಾಲ್ವ್ ತೆರೆದೇ ಇರುತ್ತದೆ, ಹಿಂದೆ ಏನೋ ಬರೆಯುತ್ತಿರುತ್ತದೆ, ನಿಮಗೆ ಕಾಣುವುದಿಲ್ಲ. ಕೀಳಿ ಕೀಳಿ. ಆಮೇಲೆ ಇಲ್ಲೇ ಬಂದು ಅಳಿ.

ಹೆಂಚಿನ ಮನೆ:
ಶಾಪ ಹಾಕುತ್ತಿದ್ದೀರಾ?

ಸುಟ್ಟ ಅಡಾಪ್ಟರ್:
ಇಲ್ಲಿ ಎಲ್ಲರೂ ವೇಗದ ಬಗ್ಗೆ ಜಗಳ ಆಡುತ್ತಿದ್ದೀರಿ. ಎರಡನೇ ಪ್ರತಿ ಎಲ್ಲಿದೆ ಅಂತ ಒಬ್ಬರೂ ಕೇಳುತ್ತಿಲ್ಲ. 3-2-1 ಅಂತಾರೆ ಅಲ್ವಾ? ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯಿಂದ ಹೊರಗೆ. ನನಗೆ ಇದ್ದದ್ದು ಒಂದು, ಒಂದು, ಒಂದು.

ಮೂರು ಭಾನುವಾರ:
ಆ ಆಡಿಯೋ ಕೊನೆಗೂ ಸಿಗಲಿಲ್ಲವಾ? ಕ್ಯಾಮೆರಾ ಮೈಕ್‌ನಲ್ಲಿ ಏನಾದರೂ ಇರಬೇಕಲ್ಲ?

ಸುಟ್ಟ ಅಡಾಪ್ಟರ್:
ಜಾಗ ಉಳಿಯಲಿ ಅಂತ ಕ್ಯಾಮೆರಾ ಆಡಿಯೋ ಆಫ್ ಮಾಡಿದ್ದೆ. ಅದರಿಂದ ಉಳಿದದ್ದು ಗಂಟೆಗೆ ಒಂದು ಜಿಬಿಗಿಂತ ಕಮ್ಮಿ.

ಜಾಗ ಇಲ್ಲದವನು:
ಎಲ್ಲರಿಗೂ ಧನ್ಯವಾದ. ಕ್ಯಾಶ್ ನೋಡಿದೆ ಮೇಡಂ, 143 ಜಿಬಿ ಇತ್ತು. ಅಳಿಸಿದೆ. ಈಗ 162 ಖಾಲಿ. ಕಟ್ ಪೇಸ್ಟ್ ಮಾಡುವುದಿಲ್ಲ. ಆದರೆ ಮುಂದಿನ ವಾರ ಆರು ಗಂಟೆಯ ಸಂದರ್ಶನ ಇದೆ, ಎರಡು ಕ್ಯಾಮೆರಾ ಸೇರಿ 540 ಜಿಬಿ, ಡ್ರೈವ್ ಬೇಕೇ ಬೇಕು. ನನ್ನ ಪೋರ್ಟ್ ಪಕ್ಕದಲ್ಲಿ ಎಸ್‌ಎಸ್ ಅಂತ ಮಾತ್ರ ಇದೆ, 10 ಅಂತ ಇಲ್ಲ. ಹಾಗಂದ್ರೆ ಏನು?

ಗೇಣುದ್ದ ಕೇಬಲ್:
ಹಾಗಿದ್ದರೆ 5 ಗಿಗಾಬಿಟ್ ಅಂದುಕೊಳ್ಳಿ. ಎಸ್‌ಎಸ್‌ಡಿ ಹಾಕಿದರೆ ಸೆಕೆಂಡಿಗೆ 400 ಚಿಲ್ಲರೆ ಎಂಬಿ ಬರುತ್ತದೆ. ಡ್ರೈವ್ ಜೊತೆ ಬಂದ ಕೇಬಲ್ಲೇ ಹಾಕಿ.

ಹಾರ್ಡ್ ಡಿಸ್ಕೇ ಸಾಕು:
25 ಸಾಕಾಗುವ ಕೆಲಸಕ್ಕೆ 400. ನಾನು ಮೊದಲೇ ಹೇಳಿದ್ದೆ.

ಗೇಣುದ್ದ ಕೇಬಲ್:
ನಿಮ್ಮನ್ನು ಕೇಳಲಿಲ್ಲ.